ಹಾಲು ಬಿಡಿಸಿದ್ದು

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂರುವ ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರು ಒಂದಿದೆ. ಸಂಬಳದ ದಿನ ಬಿಟ್ಟರೆ ಅದು ಬೇರೆ ಯಾವತ್ತೂ ಬಳಕೆಗೆ ಬಂದಿದ್ದಿಲ್ಲ. ಎಲ್ಲರ ಬಾಯಲ್ಲೂ ಅವನು ಅರ್ಥಾಯ್ತಪ್ಪ. ಎದುರಿನವರು ಬಾಯಿ ತೆರೆದರೆ ಸಾಕು, "ಅರ್ಥ ಆಯ್ತು" ಎಂದು ಉತ್ತರ ಕೊಟ್ಟು ಮುಗಿಸಿಬಿಡುತ್ತಿದ್ದ. ಕಿಟಕಿಯ ಮುಂದೆ ಉದ್ದ ಸಾಲು, ಜನರಿಗೆ ಅವಸರ, ಜೊತೆಗೆ ಮೈಕಿನ ಗದ್ದಲ. ಪ್ರತಿಯೊಬ್ಬರ ಪ್ರಶ್ನೆಯನ್ನೂ ಕೊನೆಯವರೆಗೆ ಕೇಳುತ್ತ ಕೂತರೆ ಇದ್ದ ಬಸ್ಸೆಲ್ಲ ಹೊರಟುಹೋಗುತ್ತದೆ ಎಂಬುದು ಅವನ ವಾದ. "ಅಣ್ಣಾ, ಈ ಚೀಲ ಯಾರೋ..." ಎಂದರೆ "ಅರ್ಥ ಆಯ್ತು, ಮೂರನೇ ಪ್ಲಾಟ್‌ಫಾರಂ." "ಇಲ್ಲಿ ಕುಡಿಯೋ ನೀರು..." ಎಂದರೆ "ಅರ್ಥ ಆಯ್ತು, ಹತ್ತೂವರೆಗೆ." ಒಮ್ಮೆ ಒಬ್ಬ ಅಜ್ಜಿಯನ್ನು ಹೀಗೆಯೇ ಬೇರೆ ಯಾವುದೋ ಊರಿನ ಬಸ್ಸು ಹತ್ತಿಸಿದ. ಆಕೆ ಅಲ್ಲಿ ಇಳಿದು, ದಾರಿ ಕೇಳಲು ಹೋದ ಮನೆಯಲ್ಲೇ ಮೊಮ್ಮಗಳಿಗೆ ಗಂಡು ಗೊತ್ತುಮಾಡಿಕೊಂಡು, ಬರುವಾಗ ಇವನಿಗೆ ಹಣ್ಣು ಕೊಟ್ಟು ಹೋದಳು. ಅಂದಿನಿಂದ ತನ್ನ ತಪ್ಪಿಗೂ ಒಂದು ತೂಕವಿದೆ ಎಂದು ಅವನಿಗೆ ಖಾತ್ರಿಯಾಯಿತು.

ಅವನ ಹೆಂಡತಿ ಇದಕ್ಕೆ ಪೂರಾ ವಿರುದ್ಧ. ಕನ್ನಡಕದಂಗಡಿಯಲ್ಲಿ ಗಿರಾಕಿಗಳ ಕಣ್ಣು ನೋಡುವ ಕೆಲಸ ಆಕೆಯದು. "ಇದು ಸರಿ ಕಾಣತ್ತಾ, ಅದು ಸರಿ ಕಾಣತ್ತಾ? ಈಗ? ಮತ್ತೆ ಹಿಂದಿನದ್ದು?" ಎಂದು ಕೇಳಿ ಕೇಳಿ, ಇದ್ದ ಅನುಮಾನವನ್ನೆಲ್ಲ ಹೊರಗೆಳೆದ ಮೇಲೆಯೇ ಕನ್ನಡಕ ಕೊಡುವವಳು. ಮದುವೆಯಾಗಿ ಬಹಳ ಕಾಲದ ಮೇಲೆ ಅವರಿಗೊಂದು ಹೆಣ್ಣುಮಗು ಹುಟ್ಟಿತು. ಅವಳು ಕೆಲಸಕ್ಕೆ ರಜೆ ಹಾಕಿ ಮನೆಯಲ್ಲಿ ಕೂತಳು. ಪುಟ್ಟಿಗೆ ಹಾಲೂಡಿಸುವ ಹೊತ್ತಿನಲ್ಲಿ ಯಾರು ಬಂದು ಬಾಗಿಲು ತಟ್ಟಿದರೂ ತೆಗೆಯುತ್ತಿರಲಿಲ್ಲ. ಕಾಯುವವರು ಕಾಯಲಿ, ಇಷ್ಟು ವರ್ಷ ನಾನು ಕಾದಿಲ್ಲವಾ ಎನ್ನುತ್ತಿದ್ದಳು.

ಮನೆಯಲ್ಲಿ ಇನ್ನೊಬ್ಬರು ಅರ್ಥಾಯ್ತಪ್ಪನ ತಾಯಿ. ಹಾಲು ಕುಡಿದರೆ ಹಾಲು ಬರುತ್ತದೆ ಎಂಬುದು ಅವರ ಶಾಸ್ತ್ರ. ಬೆಳಿಗ್ಗೆ ದೊಡ್ಡ ಲೋಟ, ಸಂಜೆ ದೊಡ್ಡ ಲೋಟ, ನಡುವೆ ಬೆಣ್ಣೆ ಹಚ್ಚಿದ ಬ್ರೆಡ್ಡು, ಮೊಸರು. ಸೊಸೆ ಬೇಡವೆಂದರೆ "ನಿನಗಲ್ಲ ಕಣೇ, ಮಗೂಗೆ" ಎನ್ನುತ್ತಿದ್ದರು. ಸೊಸೆ ಲೋಟ ಎತ್ತಿ ಕುಡಿಯುತ್ತಿದ್ದಳು.

ಮೂರು ತಿಂಗಳು ತುಂಬುವ ಹೊತ್ತಿಗೆ ಪುಟ್ಟಿಯ ಕೆನ್ನೆ, ಮೊಣಕೈ ಸಂದಿ ಎಲ್ಲ ಕೆಂಪಾಗಿ ಒಡೆದವು. ಹಾಲು ಕುಡಿದ ಮೇಲೆ ಕಾಲು ಮಡಚಿಕೊಂಡು ಅಳುವುದು, ಆಮೇಲೆ ಲಂಗೋಟಿಯಲ್ಲಿ ರಕ್ತದ ಎಳೆ. ಅದನ್ನು ಕಂಡ ದಿನ ಮಗುವಿಗಿಂತ ಹೆಚ್ಚು ಅತ್ತದ್ದು ತಾಯಿ. ಗಂಡ ಹೆಂಡತಿ ಮಗುವನ್ನೆತ್ತಿಕೊಂಡು ಮಕ್ಕಳ ಡಾಕ್ಟರ ಬಳಿ ಓಡಿದರು. ಈ ಡಾಕ್ಟರು ಒಳ್ಳೆಯವರೇ, ಆದರೆ ಮಾತನ್ನು ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿ ಕೊಡುವವರು. ಹೊಟ್ಟೆ ಒತ್ತಿ ನೋಡಿ, ಪರೀಕ್ಷೆಗೆ ಕಳಿಸಿ, "ಶುಕ್ರವಾರ" ಎಂದರು. ಶುಕ್ರವಾರ ಬಂದು ಫಲಿತಾಂಶ ಕೇಳಿ ಎಂದು ಅದರ ಅರ್ಥ. ಅದನ್ನು ಅರ್ಥಾಯ್ತಪ್ಪ ಸರಿಯಾಗಿಯೇ ಅರ್ಥ ಮಾಡಿಕೊಂಡ. ಅದೇ ತೊಂದರೆಯಾಯಿತು, ಇಂಥ ಡಾಕ್ಟರಿಗೆ ತಾನೇ ತಕ್ಕ ಜೋಡಿ ಎಂದುಕೊಂಡ.

ಶುಕ್ರವಾರ ಮಗು ಅತ್ತು ಅತ್ತು ಆಗಷ್ಟೇ ನಿದ್ದೆ ಹೋಗಿತ್ತು. ಎಬ್ಬಿಸುವುದು ಬೇಡ, ನಾನೊಬ್ಬನೇ ಹೋಗಿ ಕೇಳಿಕೊಂಡು ಬರುತ್ತೇನೆ ಎಂದ. "ಎಲ್ಲಾ ಸರಿಯಾಗಿ ಕೇಳ್ಕೊಂಡು ಬನ್ನಿ ರೀ" ಎಂದಳು ಹೆಂಡತಿ. "ದಿನಕ್ಕೆ ಸಾವಿರ ಜನರ ಮಾತು ಕೇಳೋನು ನಾನು" ಎಂದು ಚಪ್ಪಲಿ ಮೆಟ್ಟಿದ.

ದವಾಖಾನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇವನ ಸರದಿ ಬಂದಾಗ ಮುಂದಿನ ಸರದಿಯವರೂ ಒಳಗೆ ನುಗ್ಗಿದ್ದರು. ಅವರ ಮಗು ಡಾಕ್ಟರ ಸ್ಟೆತಸ್ಕೋಪನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿತ್ತು. ಒಂದು ಕೈಯಲ್ಲಿ ಅದನ್ನು ಬಿಡಿಸಿಕೊಳ್ಳುತ್ತ ಡಾಕ್ಟರು ಹೇಳಿದರು:

"ಹಾಲಿನ ಅಲರ್ಜಿ. ಹಾಲು ಬಿಡಿಸಿ. ಪೂರ್ತಿ. ಎರಡು ವಾರ ಬಿಟ್ಟು ಕರ್ಕೊಂಡು ಬನ್ನಿ. ನೋಡಿ, ಹಾಲು ಅಂದ್ರೆ ಬರೀ ಹಾಲಲ್ಲ..."

"ಅರ್ಥ ಆಯ್ತು ಡಾಕ್ಟ್ರೇ" ಎಂದು ಅರ್ಥಾಯ್ತಪ್ಪ ಎದ್ದುಬಿಟ್ಟ.

ಡಾಕ್ಟರು ಹೇಳಹೊರಟಿದ್ದು ಇಷ್ಟು: ತಾಯಿ ಕುಡಿಯುವ ಹಸುವಿನ ಹಾಲು ಎದೆಹಾಲಿನ ಮೂಲಕ ಮಗುವಿಗೆ ಹೋಗಿ ತೊಂದರೆ ಕೊಡುತ್ತಿದೆ, ತಾಯಿಗೆ ಹಾಲು ಬಿಡಿಸಿ, ಬರೀ ಹಾಲಲ್ಲ, ಮೊಸರು, ಬೆಣ್ಣೆ, ಹಾಲು ಹಾಕಿದ ಬಿಸ್ಕತ್ತು ಕೂಡ, ಮಗುವಿಗೆ ಮಾತ್ರ ಎದೆಹಾಲು ಧಾರಾಳವಾಗಿ ಕೊಡಿ. ಆದರೆ ಹಾಲು ಬಿಡಿಸುವುದು ಎಂದರೆ ಯಾರ ಮನೆಯಲ್ಲಿ ಕೇಳಿದರೂ ಒಂದೇ ಅರ್ಥ, ಮಗುವನ್ನು ತಾಯಿಯ ಎದೆಯಿಂದ ಬಿಡಿಸುವುದು. ಉಳಿದರ್ಧ ಮಾತು ಡಾಕ್ಟರ ಬಾಯಲ್ಲೇ ಉಳಿಯಿತು. "ಒಂದ್ನಿಮಿಷ" ಎಂದು ಅವರು ಕೂಗಿದ್ದೂ ಉಂಟು. ಅಷ್ಟರಲ್ಲಿ ಆ ಇನ್ನೊಂದು ಮಗು ಸ್ಟೆತಸ್ಕೋಪು ಬಿಟ್ಟು ಅವರ ಬೆರಳನ್ನೇ ಕಚ್ಚಿತು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಇವನು ಕೇಳಿದ್ದನ್ನು ಒಂದಕ್ಷರ ಕೂಡಿಸದೆ, ಒಂದಕ್ಷರ ಬಿಡದೆ ಒಪ್ಪಿಸಿದ.

"ಹಾಲು ಬಿಡಿಸಿ ಅಂದ್ರಾ?"

"ಹಾಲು ಬಿಡಿಸಿ. ಪೂರ್ತಿ."

"ಇನ್ನೊಂದ್ಸಲ ಹೇಳಿ. ನನ್ನ ಹಾಲು ಅಂತಾನೇ ಅಂದ್ರಾ?"

"ಮತ್ತೆ ನನ್ನ ಹಾಲು ಅಂತಾರಾ? ಹಾಲಿನ ಅಲರ್ಜಿ ಅಂದ್ರು. ಅದು ಕುಡಿಯೋದು ಯಾರ ಹಾಲು?"

ಕನ್ನಡಕದಂಗಡಿಯವಳು ಇನ್ನೂ ಎರಡು ಮೂರು ರೀತಿಯಲ್ಲಿ ತಿರುಗಿಸಿ ತಿರುಗಿಸಿ ಕೇಳಿದಳು. ಅವನು ಸುಳ್ಳು ಹೇಳಲಿಲ್ಲ. ಪ್ರತಿ ಸಲವೂ ಡಾಕ್ಟರು ಆಡಿದ ಮಾತನ್ನೇ ಹೇಳಿದ. ಅವಳು ಒಳಗೆ ಹೋಗಿ ನಿದ್ದೆಯಲ್ಲಿದ್ದ ಮಗುವಿನ ಪಕ್ಕ ಕೂತು, "ನನ್ನ ಹಾಲೇ ನಿನಗೆ ವಿಷ ಆಯ್ತಾ ಪುಟ್ಟಿ" ಎಂದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಸೊಸೆಗೆ ಸಮಾಧಾನವಾಗಲೆಂದು ಒಂದು ದೊಡ್ಡ ಲೋಟ ಹಾಲು ಕಾಯಿಸಿ ತಂದರು.

ಸುದ್ದಿ ಕೆಳಗಿನ ಮನೆಗೆ ಇಳಿಯಿತು. ಅಲ್ಲಿದ್ದವರು ದರ್ಜಿ ಅಕ್ಕ. ಇಡೀ ಕಟ್ಟಡದವರ ಸೊಂಟದ ಅಳತೆಯೂ ಗುಟ್ಟೂ ಅವರಿಗೆ ಗೊತ್ತು. "ಹಾಲು ನಿಲ್ಲಬೇಕು ಅಂದ್ರೆ ಎದೆ ಬಿಗಿಯಾಗಿ ಕಟ್ಟಬೇಕು" ಎಂದು ಟೇಪು ತಂದು ಅಳತೆ ತೆಗೆದು, ಎರಡು ಪದರದ ದಪ್ಪ ಬಟ್ಟೆಯಲ್ಲಿ ಹಿಂದೆ ಕೊಕ್ಕೆಯಿಟ್ಟು ಪಟ್ಟಿ ಹೊಲಿದರು. ಹೊಲಿಗೆ ಎಷ್ಟು ಚೊಕ್ಕವಾಗಿತ್ತೆಂದರೆ ಅಂಚಿಗೆ ಒಂದು ಸಣ್ಣ ಲೇಸು ಕೂಡ ಇಟ್ಟಿದ್ದರು. ಅರ್ಥಾಯ್ತಪ್ಪನಿಗೆ "ಪೂರ್ತಿ" ಎಂಬ ಮಾತು ತಲೆಯಲ್ಲಿ ಕೂತಿತ್ತು. ಔಷಧಿಯಂಗಡಿಗೆ ಹೋಗಿ ಮಗುವಿಗೆ ಹಾಲಿನ ಪುಡಿಯ ಡಬ್ಬಿ ಕೊಂಡು, ಹಾಲು ಬತ್ತಿಸುವ ಮಾತ್ರೆ ಇದೆಯೇ ಎಂದು ಕೇಳಿದ.

"ಡಾಕ್ಟರ್ ಹೇಳಿದಾರಾ?" ಎಂದ ಅಂಗಡಿಯವನು.

"ಬಾಯಾರೆ ಹೇಳಿದಾರೆ. ಪೂರ್ತಿ ಅಂತ ಒತ್ತಿ ಹೇಳಿದಾರೆ."

"ಡಾಕ್ಟ್ರು ಒತ್ತಿ ಹೇಳಿದ್ರಾ! ಹಾಗಾದ್ರೆ ವಿಷಯ ಗಂಭೀರಾನೇ" ಎಂದು ಮಾತ್ರೆ ಕೊಟ್ಟ. ಆ ಡಾಕ್ಟರು ಎರಡನೇ ಮಾತು ಆಡಿದ್ದನ್ನು ಅವನು ಯಾವತ್ತೂ ಕೇಳಿರಲಿಲ್ಲ.

ಪುಟ್ಟಿ ಬಾಟಲಿ ಕಂಡರೆ ಮುಖ ತಿರುಗಿಸುತ್ತಿತ್ತು. ಹಸಿವು ತಡೆಯದೆ ಕುಡಿದರೆ ವಾಂತಿ. ಮೈಯ ಕೆಂಪು ಕುತ್ತಿಗೆಗೂ ಇಳಿಯಿತು. ಪುಡಿಯೂ ಹಸುವಿನ ಹಾಲಿನದೇ ಆಗಿತ್ತು. ಡಬ್ಬಿಯ ಮೇಲೆ ಹಸುವಿನ ಚಿತ್ರವೇ ಇತ್ತು. ಅದು ಚೆನ್ನಾಗಿದೆ ಎಂದು ಅಜ್ಜಿ ಮಗುವಿಗೆ ತೋರಿಸಿ ಆಡಿಸುತ್ತಿದ್ದರು. ಮಗು ಇನ್ನೂ ಹದಗೆಟ್ಟಿದ್ದನ್ನು ಕಂಡು ಮನೆಯಲ್ಲಿ ಸಭೆ ಸೇರಿತು. ದರ್ಜಿ ಅಕ್ಕ ಅಧ್ಯಕ್ಷರು.

"ಡಾಕ್ಟ್ರು ಇನ್ನೇನಾದ್ರೂ ಅಂದ್ರಾ? ನೆನಪು ಮಾಡ್ಕೊಳ್ಳಿ."

ಅರ್ಥಾಯ್ತಪ್ಪ ಕಣ್ಣುಮುಚ್ಚಿ ನೆನಪು ಮಾಡಿಕೊಂಡ. "ಹಾಲು ಅಂದ್ರೆ ಬರೀ ಹಾಲಲ್ಲ, ಅಂದ್ರು."

ಸಭೆ ತಣ್ಣಗಾಯಿತು. ಎಂಥ ಮಾತು! ಬರೀ ಹಾಲಲ್ಲದಿದ್ದರೆ ಮತ್ತೇನು? ಅತ್ತೆ, "ಅದು ಋಣ" ಎಂದರು. ಎದುರು ಮನೆಯ ನಿವೃತ್ತ ಕಂಡಕ್ಟರು, "ಅದು ಮನಸ್ಸಿನ ವಿಷಯ" ಎಂದು ಮಾತು ಹೊರಡಿಸಿ ಯಾವ ನಿಲ್ದಾಣದಲ್ಲೂ ಇಳಿಯದೆ ಬಹಳ ದೂರ ಹೋದರು. ಕೊನೆಗೆ ದರ್ಜಿ ಅಕ್ಕ ತೀರ್ಪು ಕೊಟ್ಟರು: "ವಾಸನೆ! ತಾಯಿ ವಾಸನೆ ಮೂಗಿಗೆ ಬಿದ್ರೆ ಮಗು ಬಾಟಲಿ ಹಿಡಿಯತ್ತಾ? ಅದಕ್ಕೇ ಬರೀ ಹಾಲಲ್ಲ ಅಂದಿದಾರೆ. ತಾಯೀನೂ ದೂರ ಇರಬೇಕು."

"ಅರ್ಥ ಆಯ್ತು" ಎಂದ ಅರ್ಥಾಯ್ತಪ್ಪ.

ತಾಯಿ ತನ್ನ ದಿಂಬು ತೆಗೆದುಕೊಂಡು ಕೆಳಗಿನ ಮನೆಗೆ ಇಳಿದಳು. ಹೊಲಿಗೆ ಯಂತ್ರದ ಪಕ್ಕದಲ್ಲಿ ಚಾಪೆ. ಮೇಲೆ ಮಗು ಅತ್ತರೆ ಛಾವಣಿಯ ಮೂಲಕ ಸ್ಪಷ್ಟವಾಗಿ ಕೇಳುತ್ತಿತ್ತು, ಕೇಳಿದಾಗಲೆಲ್ಲ ಇಲ್ಲಿ ಆ ಬಿಗಿ ಪಟ್ಟಿಯನ್ನೂ ದಾಟಿ ಅವಳ ಅಂಗಿ ಒದ್ದೆಯಾಗುತ್ತಿತ್ತು. ಅವಳು ಅಂಗಿ ಬದಲಾಯಿಸಿ ಒಗೆದು ಹರವುವಳು. ದರ್ಜಿ ಅಕ್ಕ ಅಳು ಕೇಳದಿರಲೆಂದು ಹೊಲಿಯುವ ಬಟ್ಟೆ ಇಲ್ಲದಿದ್ದರೂ ಯಂತ್ರ ತುಳಿಯುತ್ತಿದ್ದರು. ದಿನಕ್ಕೆರಡು ಬಾರಿ ಅತ್ತೆ ಮೆಟ್ಟಿಲಿಳಿದು ಬಂದು, "ಮೈಯೆಲ್ಲ ಸೊರಗಿದೆ" ಎಂದು ಲೋಟ ಕೊಟ್ಟು ಹೋಗುತ್ತಿದ್ದರು. ಲೆಕ್ಕ ಹಾಕಿ ನೋಡಿದರೆ ಆ ಮನೆಯಲ್ಲಿ ಹಾಲು ಬಿಡಬೇಕಾದವರು ಇನ್ನೂ ಬಿಟ್ಟಿರಲಿಲ್ಲ. ಬಿಡಬಾರದ ಮಗು ಒಂದೇ ಬಿಟ್ಟಿತ್ತು.

ಒಂದು ಮಧ್ಯಾಹ್ನ ಮೇಲೆ ಮಗು ಬಹಳ ಹೊತ್ತು ಅತ್ತಿತು. ಅವಳು ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡಳು. ಅಂಗಿ ಒಣಗಿಯೇ ಇತ್ತು.

"ಅಬ್ಬಾ, ಅಂತೂ ನಿಂತಿತಲ್ಲ!" ಎಂದು ದರ್ಜಿ ಅಕ್ಕ ಯಂತ್ರ ಬಿಟ್ಟೆದ್ದು ಅವಳ ಬೆನ್ನು ತಟ್ಟಿದರು. ಅವಳು ಮುಖವನ್ನು ದಿಂಬಿನಲ್ಲಿ ಹುದುಗಿಸಿ ಅತ್ತಳು. ಅಕ್ಕ ಪಟ್ಟಿಯ ಕೊಕ್ಕೆಗಳನ್ನು ಒಂದೊಂದಾಗಿ ಬಿಚ್ಚಿದರು.

ಎರಡು ವಾರ ಮುಗಿಯಿತು. ಈ ಸಲ ಎಲ್ಲರೂ ಹೋದರು. ಮಗು ಅಜ್ಜಿಯ ತೋಳಿನಲ್ಲಿ, ತಾಯಿ ಎರಡು ಹೆಜ್ಜೆ ಹಿಂದೆ, ವಾಸನೆ ತಾಗದಷ್ಟು ದೂರದಲ್ಲಿ. ಡಾಕ್ಟರು ಮಗುವನ್ನು ಇನ್ನೂ ಸರಿಯಾಗಿ ನೋಡಿರಲಿಲ್ಲ, ಏನೋ ಬರೆಯುತ್ತಲೇ ಕೇಳಿದರು:

"ಹಾಲು ಬಿಡಿಸಿದ್ರಾ?"

"ಬಿಡಿಸಿದ್ವಿ ಡಾಕ್ಟ್ರೇ" ಎಂದ ಅರ್ಥಾಯ್ತಪ್ಪ, ಎದೆಯುಬ್ಬಿಸಿ.

"ಪೂರ್ತಿ?"

"ಪೂರ್ತಿ. ಒಂದು ಹನಿ ಇಲ್ಲ."

"ಒಳ್ಳೇದು." ಡಾಕ್ಟರು ತಾಯಿಯ ಕಡೆ ನೋಡಿದರು. "ಕಷ್ಟ ಆಯ್ತಾ?"

"ತುಂಬಾ" ಎಂದಳು ಅವಳು.

"ಆಗತ್ತೆ. ಅಭ್ಯಾಸ ಇರತ್ತಲ್ಲ. ಟೀಗೆ ಏನು ಮಾಡ್ತೀರಾ?"

"ಟೀಗಾ? ಟೀಗೆ ಹಾಲು ಹಾಕ್ಕೋತೀನಿ."

ಡಾಕ್ಟರ ಪೆನ್ನು ನಿಂತಿತು. "ಈಗ ತಾನೇ ಒಂದು ಹನಿ ಇಲ್ಲ ಅಂದ್ರಿ."

"ಹೌದು ಡಾಕ್ಟ್ರೇ, ಒಂದು ಹನಿ ಇಲ್ಲ" ಎಂದಳು. "ಪೂರ್ತಿ ಬತ್ತೋಗಿದೆ."

ಡಾಕ್ಟರು ಎದ್ದು ನಿಂತರು. ಅಷ್ಟು ಮಾತಾಡಿದ್ದನ್ನು ಅವರ ನರ್ಸು ಹಿಂದೆಂದೂ ಕೇಳಿರಲಿಲ್ಲವಂತೆ. ಯಾವ ಹಾಲು, ಯಾರ ಹಾಲು, ಪುಡಿ ಯಾವುದು, ಮಾತ್ರೆ ಕೊಟ್ಟವನು ಯಾರು, ಎಲ್ಲ ಕೇಳಿ, ಕೂಗಾಡಿ, ಕೊನೆಗೆ ದನಿ ತಗ್ಗಿಸಿ, "ತಾಯಿ ಕುಡಿಯೋ ಹಾಲಮ್ಮ. ನೀನು ಕುಡಿಯೋ ಹಾಲು. ಮಗು ಕುಡಿಯೋದಲ್ಲ" ಎಂದರು. ಆಮೇಲೆ ಕುರ್ಚಿಯಲ್ಲಿ ಕೂತು, "ನಾನೂ ಎರಡು ಮಾತು ಹೆಚ್ಚಿಗೆ ಆಡಬೇಕಿತ್ತು" ಎಂದರು.

"ಹಾಗಾದ್ರೆ ನಾನು ದಿನಾ ಲೋಟ ಲೋಟ ಕೊಟ್ಟಿದ್ದು..." ಎಂದರು ಅತ್ತೆ. ತಾಯಿ ಮುಂದೆ ಬಂದು ಅತ್ತೆಯ ತೋಳಿನಿಂದ ಮಗುವನ್ನು ಎತ್ತಿಕೊಂಡಳು. ಮಗು ಅವಳ ಕುತ್ತಿಗೆ ಮೂಸಿ ಸುಮ್ಮನಾಯಿತು.

"ಮತ್ತೆ ಬರತ್ತಾ ಡಾಕ್ಟ್ರೇ?"

"ಬರಬಹುದು. ಬಾರದೇನೂ ಇರಬಹುದು. ಮಗೂನ ಎದೆಗೆ ಹಾಕ್ತಾ ಇರಿ. ನೀವು ಹಾಲಿನ ಪದಾರ್ಥ ಒಂದೂ ಮುಟ್ಟಬೇಡಿ. ಅಲ್ಲೀವರೆಗೆ ಮಗೂಗೆ ಬೇರೆ ಪುಡಿ ಬರೆದುಕೊಡ್ತೀನಿ." ಡಾಕ್ಟರು ಪ್ರತಿ ವಾಕ್ಯವನ್ನೂ ಅರ್ಥಾಯ್ತಪ್ಪನಿಂದ ಎರಡೆರಡು ಸಲ ಹೇಳಿಸಿದರು.

ದಾರಿಯಲ್ಲಿ ಹೆಂಡತಿ ಒಂದೇ ಮಾತಾಡಿದಳು. "ಒಂದು ಮಾತು ಕೊನೇವರೆಗೆ ಕೇಳಿದ್ರೆ ಏನಾಗ್ತಿತ್ತು ರೀ ನಿಮಗೆ?" ಕೋಪದಿಂದ ಕೇಳಿದ್ದರೆ ಅವನು ಏನಾದರೂ ಹೇಳುತ್ತಿದ್ದನೇನೋ. ಅವಳು ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದಳು.

ಮರುದಿನದಿಂದ ಅವನು ಎಲ್ಲರನ್ನೂ ಕೊನೆಯವರೆಗೆ ಕೇಳತೊಡಗಿದ. ವಿಚಾರಣೆ ಕಿಟಕಿಯಲ್ಲಿ ಪ್ರಯಾಣಿಕರಿಗೆ ಹೊಸ ಕಷ್ಟ ಶುರುವಾಯಿತು. "ಹೋಗಬೇಕು ಅಂದ್ರೆ, ನೀವು ಹೋಗಬೇಕಾ, ಇನ್ನೊಬ್ಬರನ್ನ ಕಳಿಸಬೇಕಾ? ಬಸ್ಸು ಅಂದ್ರೆ ಯಾವ ಬಸ್ಸು? ಇನ್ನೊಂದ್ಸಲ ಹೇಳಿ." ಸಾಲು ರಸ್ತೆಯವರೆಗೆ ಬೆಳೆಯಿತು. ನಿಲ್ದಾಣದ ಮೇಲ್ವಿಚಾರಕರು ಬಂದು, "ಏನಯ್ಯಾ, ಮೊದಲಿನ ಹಾಗೇ ತಪ್ಪು ಹೇಳು, ಬೇಗ ಹೇಳು" ಎಂದು ಕೈಮುಗಿದರು.

ಸಂಜೆ ಬ್ರೆಡ್ಡಿನ ಅಂಗಡಿಗೆ ಹೋದ. "ಇದರಲ್ಲಿ ಹಾಲಿದೆಯಾ?"

"ಇದೆಯಾ ಅಂತೀರಾ? ಅಪ್ಪಟ ಹಾಲಲ್ಲೇ ಕಲಸೋದು ಸಾರ್!"

"ಹಾಲಿಲ್ಲದ್ದು ಬೇಕು."

"ನನ್ನ ಅಂಗಡೀಲಿ ಅಂಥ ಮಾಲೇ ಇಲ್ಲ!"

ಅರ್ಥಾಯ್ತಪ್ಪ ಕಣ್ಣಲ್ಲಿ ನೀರು ತುಂಬಿಕೊಂಡು ಮಗುವಿನ ಕಥೆಯೆಲ್ಲ ಹೇಳಿದ. ಅಂಗಡಿಯವನು ಆಚೆ ಈಚೆ ನೋಡಿ, ಹತ್ತಿರ ಬಗ್ಗಿ, "ಯಾರಿಗೂ ಹೇಳಬೇಡಿ. ಹಾಲು ಹಾಕೋದೇ ಇಲ್ಲ. ಅಪ್ಪನ ಕಾಲದಿಂದಲೂ ಇಲ್ಲ. ಧೈರ್ಯವಾಗಿ ತಗೊಂಡು ಹೋಗಿ" ಎಂದ. ಅಂದಿನಿಂದ ಹೆಂಡತಿಗೆ ಎರಡೂ ಹೊತ್ತು ಆ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ತರಕಾರಿ, ಬರೀ ಸೊಪ್ಪು. ಅತ್ತೆ ಸೊಸೆಯ ಪಾತ್ರೆಗಳನ್ನು ಬೇರೆಯಿಟ್ಟರು, ಅವಳ ಟೀಗೆ ಬೇರೆಯೇ ಪುಟ್ಟ ಪಾತ್ರೆ ತಂದರು. ತಾವು ಟೀ ಕುಡಿದ ಬಾಯಿ ತೊಳೆಯದೆ ಮಗುವಿಗೆ ಮುತ್ತಿಡುತ್ತಿರಲಿಲ್ಲ. ದರ್ಜಿ ಅಕ್ಕ ತಾವು ಹೊಲಿದ ಪಟ್ಟಿಯನ್ನು ಹಿಂದಕ್ಕೆ ತೆಗೆದುಕೊಂಡು ಹೋಗಿ, ಲೇಸು ಸಮೇತ ಚೂರು ಚೂರು ಕತ್ತರಿಸಿದರು.

ಅವಳು ದಿನವಿಡೀ ಪುಟ್ಟಿಯನ್ನು ಎದೆಗೆ ಹಚ್ಚಿಕೊಂಡು ಕೂರುತ್ತಿದ್ದಳು. ಮಗು ಒಂದೆರಡು ಸಲ ಬಾಯಿ ಹಾಕಿ, ಏನೂ ಸಿಗದೆ, ತಲೆ ಹಿಂದೆಸೆದು ಕಿರುಚುತ್ತಿತ್ತು. ಒಂದು ಬೆಳಿಗ್ಗೆ ಎರಡು ಹನಿ ಬಂತು. ಅದನ್ನು ಅವಳು ಚಮಚದಲ್ಲಿ ಹಿಡಿದು ಅತ್ತೆಗೆ ತೋರಿಸಿದಳು, ಅತ್ತೆ ದರ್ಜಿ ಅಕ್ಕನನ್ನು ಕೂಗಿದರು, ಅಕ್ಕ ಎದುರು ಮನೆಯವರನ್ನೂ ಕರೆದರು. ಎಲ್ಲರೂ ಚಮಚದ ಸುತ್ತ ನಿಂತು ನೋಡಿದರು. ನಿವೃತ್ತ ಕಂಡಕ್ಟರು ಟೋಪಿ ತೆಗೆದರು. ಮಾರನೆಯ ದಿನ ಆ ಎರಡು ಹನಿಯೂ ಬರಲಿಲ್ಲ. ಆದರೂ ದಿನಾ ಬೆಳಿಗ್ಗೆ ಮೆಟ್ಟಿಲ ಮೇಲೆ ಯಾರು ಸಿಕ್ಕರೂ ಅರ್ಥಾಯ್ತಪ್ಪನನ್ನು "ಬಂತಾ?" ಎಂದು ಕೇಳುವವರೇ. ಅಲ್ಲಿಂದ ತಪ್ಪಿಸಿಕೊಂಡು ಕಿಟಕಿಯಲ್ಲಿ ಬಂದು ಕೂತರೆ ಮೊದಲ ಪ್ರಯಾಣಿಕನೂ "ಬಂತಾ?" ಎನ್ನುವನು. ಯಾವುದು ಬಂತಾ ಎಂದು ಕೇಳಲು ಅವನಿಗೆ ಧೈರ್ಯ ಸಾಲದೆ ಕಿಟಕಿ ಎಳೆದುಕೊಂಡು ಒಳಗೇ ಅಳುತ್ತಿದ್ದ.

ಹೊಸ ಪುಡಿ ಪುಟ್ಟಿಗೆ ಹಿಡಿಸಿತು. ಕೆನ್ನೆ ತಿಳಿಯಾಯಿತು, ಲಂಗೋಟಿಯಲ್ಲಿ ರಕ್ತ ಕಾಣುವುದು ನಿಂತಿತು, ಬಾಟಲಿ ಕಂಡರೆ ಕೈಕಾಲು ಬಡಿದು ನಗತೊಡಗಿತು. ಮನೆಯವರೆಲ್ಲ ಹಿಗ್ಗಿದರು. ತಾಯಿಯೂ ಹಿಗ್ಗಿದಳು, ಆದರೆ ಆ ನಗುವನ್ನು ನೋಡುವಾಗ ಅವಳ ಕೈ ಮಾತ್ರ ಅಂಗಿಯ ಗುಂಡಿಯ ಮೇಲಿರುತ್ತಿತ್ತು. ಎದೆಗೆ ತಂದರೆ ಮಗು ಈಗ ಅಳುವುದನ್ನೂ ಬಿಟ್ಟು, ಎರಡು ಪುಟ್ಟ ಕೈಗಳಿಂದ ಅವಳನ್ನು ಮೆಲ್ಲಗೆ ದೂಡುತ್ತಿತ್ತು. ಅವಳು ವಾರಗಟ್ಟಲೆ ಹಾಗೆಯೇ ಹಾಲು, ಮೊಸರು, ಬೆಣ್ಣೆ ಒಂದನ್ನೂ ಮುಟ್ಟದೆ ಪುಟ್ಟ ಪಾತ್ರೆಯ ಕಪ್ಪು ಟೀ ಕುಡಿದುಕೊಂಡಿದ್ದಳು. ಇನ್ನು ಆ ಪಥ್ಯ ಬೇಡವೆಂದು ಹೇಳುವ ಎದೆ ಆ ಕಟ್ಟಡದಲ್ಲಿ ಯಾರಿಗೂ ಇರಲಿಲ್ಲ. ಹೇಳಿದರೆ ಹಾಲು ಬರುವುದಿಲ್ಲ ಎಂದೇ ಹೇಳಿದಂತೆ.

ಒಂದು ಭಾನುವಾರ ಬೆಳಿಗ್ಗೆ ಅತ್ತೆ ಟೀಗಿಟ್ಟಿದ್ದರು. ಅರ್ಥಾಯ್ತಪ್ಪ ನೆಲದ ಮೇಲೆ ಕೂತು ಪುಟ್ಟಿಗೆ ಬಾಟಲಿ ಹಿಡಿದಿದ್ದ. ಅವಳು ಬಂದು ಅಡುಗೆಮನೆಯ ಬಾಗಿಲಿಗೆ ಒರಗಿ, ಮಗು ಕೊನೆಯ ಗುಟುಕು ಎಳೆದು ತೇಗುವವರೆಗೂ ನೋಡಿದಳು.

"ಅತ್ತೆ, ನನಗೂ ಆ ಪಾತ್ರೇದೇ ಕೊಡಿ."

"ಇದರಲ್ಲಿ ಹಾಲಿದೆ ಕಣಮ್ಮ."

"ಗೊತ್ತು. ಕೊಡಿ. ಇನ್ನು ಯಾರಿಗೋಸ್ಕರ ಬಿಡಲಿ?"

ಅತ್ತೆ ಮಗನ ಮುಖ ನೋಡಿದರು. ಅವನು ಖಾಲಿ ಬಾಟಲಿಯನ್ನು ಮಗುವಿನ ಬಾಯಿಗೆ ಹಿಡಿದುಕೊಂಡೇ ಇದ್ದ. ಅತ್ತೆ ಟೀ ಸೋಸಿ ಲೋಟ ತುಂಬಿಸಿ ಸೊಸೆಯ ಕೈಗಿಟ್ಟರು. ಅವಳು ಆರಿಸಿಕೊಳ್ಳದೆ, ನಿಲ್ಲಿಸದೆ, ಅಷ್ಟನ್ನೂ ನಿಂತೇ ಕುಡಿದಳು. ಕುಡಿದು ಲೋಟ ಕೆಳಗಿಟ್ಟು, "ಸಕ್ಕರೆ ಕಮ್ಮಿ ಆಗಿದೆ" ಎಂದಳು.

"ಹಾಕ್ತೀನಿ ಕಣೇ, ಹಾಕ್ತೀನಿ" ಎಂದು ಅತ್ತೆ ಸಕ್ಕರೆ ಡಬ್ಬಿಯನ್ನು ಕೈಯಲ್ಲೇ ಹಿಡಿದುಕೊಂಡು, ಗೂಡಿನ ತುಂಬ ಅದನ್ನೇ ಹುಡುಕುತ್ತಿದ್ದರು.